ಹಡಗು ಹತ್ತುವ ಮುನ್ನ ಅಂತರಿಕ್ಷ

ಸುಂಟಿಕೊಪ್ಪ
ಸೋಮವಾರ, ಮಾರ್ಚ್ ೪, ೧೯೬೩

ಸಭಾಧ್ಯಕ್ಷರಾದ ಮಾತೃಶ್ರೀ ಮಹಾದೇವಮ್ಮನವರೇ, ಮುಖ್ಯ ಅತಿಥಿಗಳಾದ ಭಾವ ಶಾಂತಪ್ಪನವರೇ, ವಾಚಕಿಯೂ ವಂದನಾರ್ಪಣೆಯವಳೂ ಆದ ತಂಗಿ ವಿಶಾಲಾಕ್ಷಿಯೇ, ಹಾಗೂ ಕಾಗದ ಬಂತೆಂದರೆ ಕಾಫಿ ಲೋಟ ಹಿಡಿದು ಬಂದು ಕೂರುವ ಆಫ್ರಿಕಾದ ಮೊಂಬಾಸಾ ಪಟ್ಟಣದ ಸಮಸ್ತ ನೆರೆಹೊರೆಯ ಮಹಾಜನಗಳೇ! ಹದಿನೆಂಟು ವರ್ಷಗಳಿಂದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತ, ನಾಡಹಬ್ಬದ ಸಭೆಗಳಲ್ಲಿ ಯಾರೂ ಕೇಳದ ಭಾಷಣಗಳನ್ನು ಮಾಡುತ್ತ ಬಂದಿರುವ ಈ ಬಡಪಾಯಿಗೆ ಇಂದು ಸಮುದ್ರದಾಚೆಯ ವೇದಿಕೆ ದೊರೆತಿದೆ. ಇಂದಿನ ವಿಷಯ: ಹಡಗು ಹಿಡಿಯಲು ಹೋದವರು ನಡುವೆ ಸಿಕ್ಕ ಅರ್ಧ ದಿನದಲ್ಲಿ ಅಂತರಿಕ್ಷವನ್ನು ನೋಡಿಕೊಂಡು, ಆಮೇಲೆ ಹಡಗನ್ನೂ ಹಿಡಿಯುವುದು ಹೇಗೆ ಎಂಬುದು. ಅಧ್ಯಕ್ಷರು ನಡುವೆ ಬಾಯಿ ಹಾಕಿ 'ಸುಳ್ಳು ಹೇಳ್ತಾನೆ ಇವ್ನು' ಎಂದರೆ ಸಭಾ ಮರ್ಯಾದೆಯಂತೆ ಅದನ್ನು ಕಡತದಿಂದ ತೆಗೆಯತಕ್ಕದ್ದು.

ಪ್ರೀತಿಯ ವಿಶಾಲು, ಮೊದಲು ನಿನ್ನ ವಿಚಾರ ಹೇಳು. ಕಾಲು ಊದುವುದು ಕಡಿಮೆಯಾಯಿತೇ? ಊಟ ಸೇರುತ್ತಿದೆಯೇ, ಇಲ್ಲ ಮೊದಲಿನ ಹಾಗೆ ಮಾವಿನಕಾಯಿ, ಉಪ್ಪು ಅಂತಲೇ ಇದ್ದೀಯೋ? ಡಾಕ್ಟರು ಮಲಗಿರು ಎಂದರೆ ಮಲಗಿರಬೇಕು. ಅವ್ವ ಬಂದಿದ್ದಾಳೆಂದು ಎದ್ದು ಓಡಾಡಿ ಉಪಚಾರ ಮಾಡಲು ಹೋಗಬೇಡ, ಅವಳು ಬಂದದ್ದೇ ನಿನ್ನ ಉಪಚಾರಕ್ಕೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆ ದಾಕ್ಷಾಯಿಣಿಗೆ ಮಾತ್ರ ಹಲ್ಲುನೋವು. ಆದರೂ ಮಾತು ನಿಂತಿಲ್ಲ. ಹೂಮಳೆ ಇನ್ನೂ ಬಂದಿಲ್ಲ, ಕಾಫಿ ತೋಟದವರೆಲ್ಲ ಕತ್ತೆತ್ತಿ ಮೋಡ ನೋಡುತ್ತಿದ್ದಾರೆ. 'ಅವ್ವ ಸುಖವಾಗಿ ತಲುಪಿದರು' ಎಂಬ ನಿಮ್ಮ ತಂತಿ ಕಳೆದ ಗುರುವಾರ ಬಂತು. ಒಂಬತ್ತನೆಯ ತರಗತಿಗೆ ಸಂಧಿ ಪಾಠ ಮಾಡುತ್ತಿದ್ದೆ. ಪೋಸ್ಟ್‌ಮನ್ ಕುಟ್ಟಪ್ಪ ಬಾಗಿಲಲ್ಲಿ ನಿಂತು 'ಮಾಷ್ಟ್ರೇ, ಒಳ್ಳೇದೇ ಉಂಟು, ಹೆದರ್ಬೇಡಿ' ಎಂದು ಮೊದಲೇ ಹೇಳಿಬಿಟ್ಟ. ಅವನು ಓದಿಕೊಂಡೇ ಬಂದಿದ್ದ, ಪುಣ್ಯಾತ್ಮ. ನಾನು ಕುರ್ಚಿಯಲ್ಲಿ ಕೂತವನು ಗಂಟೆ ಹೊಡೆಯುವವರೆಗೆ ಏಳಲಿಲ್ಲ. ಆ ದಿನ ಸಂಧಿಯಾಗದೆ ಉಳಿದ ಪದಗಳು ಇವತ್ತಿಗೂ ಹಾಗೆಯೇ ಉಳಿದಿವೆ.

ಈಗ ನೀನು ಕೇಳಬೇಕೆಂದಿರುವ ಪ್ರಶ್ನೆ ನನಗೆ ಗೊತ್ತು. ಅವ್ವ ಒಂದೇ ಒಂದು ಕೈಚೀಲ ಹಿಡಿದು ಹಡಗಿನಿಂದ ಇಳಿದಳಲ್ಲ, ಆರು ತಿಂಗಳು ಇರಲು ಬಂದವಳ ಪೆಟ್ಟಿಗೆ ಎಲ್ಲಿ? ಬಾಣಂತಿಗೆಂದು ಕುಟ್ಟಿ ಪುಡಿ ಮಾಡಿದ ಕಾಯ ಎಲ್ಲಿ? ಮಗುವಿಗೆ ಹಳೆಯ ಪಂಚೆ ಹರಿದು ಒಗೆದು ಮಡಿಸಿಟ್ಟ ಬಟ್ಟೆಗಳೆಲ್ಲಿ, ದಾಕ್ಷಾಯಿಣಿ ಹೊಲಿದ ಕುಲಾವಿ ಎಲ್ಲಿ? ಪೆಟ್ಟಿಗೆ ಇಲ್ಲೇ, ನಾನು ಬರೆಯುತ್ತಿರುವ ಮೇಜಿನ ಕೆಳಗಿದೆ. ಅದರ ಮೇಲೆ ಕಾಲು ಚಾಚಿಕೊಂಡೇ ಬರೆಯುತ್ತಿದ್ದೇನೆ. ಅದು ಬೊಂಬಾಯಿಗೆ ಹೋಗಿ, ಹಡಗಿನ ಮುಖವನ್ನೂ ನೋಡದೆ, ನನ್ನ ಜೊತೆ ವಾಪಸು ಬಂದ ಕಥೆಯೇ ಈ ಭಾಷಣ.

ಸುಂಟಿಕೊಪ್ಪದಿಂದ ಮೈಸೂರಿಗೆ ಬಸ್ಸು, ಅಲ್ಲಿಂದ ಬೆಂಗಳೂರು, ಬೆಂಗಳೂರಿನಿಂದ ಪುಣೆ, ಪುಣೆಯಲ್ಲಿ ಗಾಡಿ ಬದಲಾಯಿಸಿ ಬೊಂಬಾಯಿ. ದಾರಿಯುದ್ದಕ್ಕೂ ಅವ್ವ ಲಿಂಗಪೂಜೆ ಆಗದೆ ಒಂದು ಹನಿ ನೀರನ್ನೂ ಬಾಯಿಗೆ ಹಾಕಲಿಲ್ಲ. ಪೂಜೆಗೆ ಸ್ನಾನ ಆಗಬೇಕು, ಸ್ನಾನಕ್ಕೆ ರೈಲು ನಿಲ್ಲಬೇಕು, ರೈಲು ನಿಂತರೆ ನಲ್ಲಿಯಲ್ಲಿ ನೀರಿರಬೇಕು. ಪುಣೆಯ ಪ್ಲಾಟ್‌ಫಾರ್ಮಿನಲ್ಲಿ ನಾನು ಎರಡು ಚೊಂಬು ನೀರು ಹಿಡಿದು ಓಡಿದ್ದನ್ನು ನೋಡಿದ್ದರೆ ನಮ್ಮ ಡ್ರಿಲ್ ಮಾಸ್ತರು ಮೊಣ್ಣಪ್ಪ ಬಹುಮಾನ ಕೊಡುತ್ತಿದ್ದರು. ಆ ಮೊಣ್ಣಪ್ಪನವರ ತಂಗಿಯೇ ಶ್ರೀಮಂಗಲದ ಬೊಳ್ಳಮ್ಮ, ಮೊಂಬಾಸಾದ ಆಸ್ಪತ್ರೆಗೆ ನರ್ಸಾಗಿ ಹೊರಟವಳು. ಅವಳು ಜೊತೆಗಿದ್ದಾಳೆ ಎಂಬ ಧೈರ್ಯದ ಮೇಲೆಯೇ ಅವ್ವನನ್ನು ಹಡಗಿನಲ್ಲಿ ಕಳಿಸಲು ನಾವು ಒಪ್ಪಿದ್ದು. ಈಗ ನೀನೂ ಅವಳನ್ನು ನೋಡಿರುತ್ತೀ. ಅವಳ ತಂದೆ ಮಿಲಿಟರಿಯಲ್ಲಿದ್ದವರು. ಆದ್ದರಿಂದ ಅವಳಿಗೆ ಹಿಂದಿ ಬರುತ್ತದೆ, ಹೊತ್ತಿಗೆ ಸರಿಯಾಗಿ ಏಳುವುದು ಬರುತ್ತದೆ, ಗಂಡಸರನ್ನು ಗದರುವುದು ಇವೆರಡಕ್ಕಿಂತಲೂ ಚೆನ್ನಾಗಿ ಬರುತ್ತದೆ.

ಶುಕ್ರವಾರ ಮಧ್ಯಾಹ್ನ ತಲುಪಿ ಮಾಟುಂಗದಲ್ಲಿ ನಮ್ಮೂರ ಕಡೆಯ ಕೃಷ್ಣಪ್ಪನವರ ಮನೆಯಲ್ಲಿ ಇಳಿದೆವು. ಹಡಗು ಮಾರನೆಯ ದಿನ ಶನಿವಾರ ಸಂಜೆಗೆ. ಆದರೆ ಮಧ್ಯಾಹ್ನ ಎರಡು ಗಂಟೆಯೊಳಗೆ ಬಂದರಿನ ಕಟ್ಟಡದ ಒಳಗಿರಬೇಕು, ಎರಡಾದ ಮೇಲೆ ಗೇಟು ಹಾಕುತ್ತಾರೆ ಎಂದು ಟಿಕೆಟ್ಟಿನ ಕಚೇರಿಯವರು ಮೂರು ಸಲ ಹೇಳಿದರು. ಮುಂದಿನ ಹಡಗು ಹೊರಡುವುದೇ ಯುಗಾದಿ ಕಳೆದ ಮೇಲೆ. ನಿನಗೆ ಡಾಕ್ಟರು ಹೇಳಿದ ದಿನ ಯುಗಾದಿಗೆ ಮುಂಚೆ. ಹೀಗಾಗಿ ಲೆಕ್ಕ ಬಹಳ ಸರಳ: ಶನಿವಾರದ ಹಡಗು ಸಿಕ್ಕರೆ ಹೆರಿಗೆಗೆ ಅವ್ವ ನಿನ್ನ ಪಕ್ಕದಲ್ಲಿ, ತಪ್ಪಿದರೆ ಈ ಸಲವೂ ನೀನೊಬ್ಬಳೇ.

ಶುಕ್ರವಾರ ಸಂಜೆ ಅವ್ವನಿಗೆ ಸಮುದ್ರ ತೋರಿಸಲು ಕರೆದುಕೊಂಡು ಹೋದೆ. ಅದೇ ತಪ್ಪಾಯಿತು ಎಂದು ಬೊಳ್ಳಮ್ಮನ ಅಭಿಪ್ರಾಯ. ಅವ್ವ ಅಲ್ಲಿಯವರೆಗೆ ನೋಡಿದ್ದ ದೊಡ್ಡ ನೀರು ಎಂದರೆ ಶ್ರಾವಣದ ಹಾರಂಗಿ ಹೊಳೆ. ಅದಕ್ಕೆ ಆಚೆ ದಡ ಇತ್ತು, ಆಚೆ ದಡದಲ್ಲಿ ನೆಂಟರಿದ್ದರು. ಇಲ್ಲಿ ನಿಂತು ಬಹಳ ಹೊತ್ತು ನೋಡಿದಳು. 'ಇದರ ಆಚೆ ಎಲ್ಲೋ ಪರಮೇಶಿ?' ಎಂದಳು. ಆಚೆಯೇ ವಿಶಾಲು ಇರುವುದು ಎಂದೆ. 'ಕಾಣೋದೇ ಇಲ್ವಲ್ಲೋ' ಎಂದಳು. ಕತ್ತಲಾಗುವಾಗ ಮೆಲ್ಲಗೆ 'ನಾ ಒಲ್ಲೆ ಕಣಪ್ಪ. ನಾಳೆ ಊರಿನ ಕಡೆ ಗಾಡಿ ಎಷ್ಟ್ ಹೊತ್ತಿಗೆ ನೋಡು' ಎಂದಳು. ಬೊಳ್ಳಮ್ಮ ದೇವರ ಮೇಲೆ ಆಣೆ ಇಟ್ಟಳು, ಹಡಗಿನಲ್ಲಿ ಡಾಕ್ಟರಿದ್ದಾರೆ, ಮಂಚವಿದೆ, ಬಿಸಿನೀರಿದೆ ಎಂದೆಲ್ಲ ವರ್ಣಿಸಿದಳು. ಅವ್ವ ನೀರಿಗೆ ಬೆನ್ನು ಹಾಕಿ ಮನೆಯ ದಾರಿ ಹಿಡಿದಳು. ಅಧ್ಯಕ್ಷರೇ, ಇದರಲ್ಲಿ ಸುಳ್ಳಿದ್ದರೆ ಈಗಲೇ ಹೇಳಬಹುದು.

ಇಂಥ ಸಂಕಟದಲ್ಲಿ ಮಗನಾದವನು ಏನು ಮಾಡಬೇಕು? ಧೈರ್ಯ ತುಂಬಬೇಕು. ರೈಲಿನಲ್ಲಿ ಪಕ್ಕದವರ ಪತ್ರಿಕೆಯನ್ನು ಇಣುಕಿ ಓದುತ್ತಿದ್ದಾಗ, ಬೊಂಬಾಯಿಯ ಒಂದು ಮ್ಯೂಸಿಯಮ್ಮಿನಲ್ಲಿ ಅಂತರಿಕ್ಷದ ವಿಭಾಗ ತೆರೆದಿದ್ದಾರೆ, ಆಕಾಶಕ್ಕೆ ಹೋಗುವ ಯಂತ್ರದ ಪಡಿಯಚ್ಚು ಇಟ್ಟಿದ್ದಾರೆ ಎಂದು ನೋಡಿದ್ದೆ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುತ್ತದೆ. ಮನುಷ್ಯರು ಚಂದ್ರನ ದಾರಿ ಹಿಡಿದಿರುವಾಗ ಮೊಂಬಾಸಾದ ದಾರಿ ಎಷ್ಟರದು ಎಂದು ಅವ್ವನಿಗೆ ಕಣ್ಣಾರೆ ತೋರಿಸಬೇಕೆಂದುಕೊಂಡೆ. ಬೊಳ್ಳಮ್ಮ ಬೆಳಿಗ್ಗೆ ಇದನ್ನು ಕೇಳಿದವಳೇ ಸೊಂಟಕ್ಕೆ ಕೈಯಿಟ್ಟು ನಿಂತಳು. 'ಎಂತ ಮಾಷ್ಟ್ರೇ, ಹಡಗಿಗೆ ಹೋಗುವ ದಿನ ರಾಕೆಟ್ ನೋಡುವುದಾ? ಸೀದಾ ಬಂದರಿಗೆ ಹೋಗಿ ಕೂತ್ಕೊಳ್ಳುವ.' ಹೋಗಿ ನಾಲ್ಕು ಗಂಟೆ ಬೆಂಚಿನ ಮೇಲೆ ಕೂತರೆ ಅವ್ವನ ಭಯ ನಾಲ್ಕರಷ್ಟಾಗುತ್ತದೆ ಎಂದು ನಾನು ವಾದಿಸಿದೆ. ಅಷ್ಟಕ್ಕೇ ಬಿಡದೆ ಒಂದು ದ್ವಿಪದಿಯನ್ನೂ ಹೇಳಿದೆ:

ಹಡಗಿನ ಹೊತ್ತಿಗೆ ಇನ್ನೂ ಹೊತ್ತು,
ಗಡಿಬಿಡಿ ಮಾಡಿದರೇನಿದೆ ಗತ್ತು?

ಅವ್ವ ಒಳಗಿನಿಂದ 'ನಿನ್ನ ಪದ ಉಪ್ಪಿಗಾ ಸೊಪ್ಪಿಗಾ?' ಎಂದಳು. ಆದರೆ ಬರುವುದಿಲ್ಲ ಎನ್ನಲಿಲ್ಲ.

ಮಾಟುಂಗದಲ್ಲಿ ಸ್ನಾನ, ಪೂಜೆ, ಒಂದು ಅಕ್ಕಿರೊಟ್ಟಿ ಮುಗಿಯುವ ಹೊತ್ತಿಗೆ ಹತ್ತೂಕಾಲು. ಬೊಳ್ಳಮ್ಮನ ಪೆಟ್ಟಿಗೆಯನ್ನು ಅವಳ ಪರಿಚಯದವರು ಬೆಳಿಗ್ಗೆಯೇ ಬಂದರಿಗೆ ಮುಟ್ಟಿಸಿದ್ದರು. ಅವ್ವನ ಪೆಟ್ಟಿಗೆ ಕೃಷ್ಣಪ್ಪನವರ ಪಡಸಾಲೆಯಲ್ಲೇ ಇರಲಿ, ಮ್ಯೂಸಿಯಂ ನೋಡಿ ಹಿಂತಿರುಗಿ ಬಂದು ಒಯ್ದರಾಯಿತು ಎಂದು ನಾನು ಹೇಳಿದೆ. ಮಾಟುಂಗ ಎಲ್ಲಿ, ಬಂದರು ಎಲ್ಲಿ, ಮ್ಯೂಸಿಯಂ ಎಲ್ಲಿ ಎಂಬುದರ ಭೂಗೋಳ ನನಗೆ ತಿಳಿಯದು. ನಾನು ಓದಿದ್ದು ಕನ್ನಡ. ಕೈಚೀಲವನ್ನು ಮಾತ್ರ ಅವ್ವ ಬಿಡಲಿಲ್ಲ. ಅದರಲ್ಲಿ ವಿಭೂತಿ ಗಟ್ಟಿ, ಒಣಗಿಸಿದ ಬಿಲ್ವಪತ್ರೆಯ ಡಬ್ಬಿ, ಹುರಿಹಿಟ್ಟು, ಒಂದು ಸೀರೆ, ಹಡಗಿನ ಟಿಕೆಟ್ಟು, ಪಾಸ್‌ಪೋರ್ಟು, ಸೂಜಿ ಚುಚ್ಚಿಸಿಕೊಂಡ ಸರ್ಟಿಫಿಕೇಟು ಇದ್ದವು.

ಮ್ಯೂಸಿಯಮ್ಮಿನ ಬಾಗಿಲಲ್ಲಿ ನಡೆದದ್ದನ್ನು ಅವ್ವ ನಿನಗೆ ಆಗಲೇ ಹತ್ತು ಸಲ ಹೇಳಿರುತ್ತಾಳೆ. ಆದರೂ ನನ್ನ ಪಾಠಾಂತರವೂ ದಾಖಲಾಗಲಿ. ಕ್ಯಾಮೆರಾ ಒಳಗೆ ಒಯ್ಯಬಾರದು ಎಂದು ಬೋರ್ಡು ಹಾಕಿದ್ದರು. ದೊಡ್ಡ ಮೀಸೆಯ ಕಾವಲುಗಾರ ಅವ್ವನ ಕೊರಳನ್ನೇ ನೋಡಿದ. ಸೆರಗಿನ ಮರೆಯಲ್ಲಿ ಶಿವದಾರಕ್ಕೆ ನೇತುಬಿದ್ದ, ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆ ಹೊಳೆಯುತ್ತಿತ್ತು. ದಾರ, ದಾರದ ತುದಿಯಲ್ಲಿ ಗುಂಡಗಿನ ಬೆಳ್ಳಿಯ ವಸ್ತು, ಅದಕ್ಕೆ ಮುಚ್ಚಳ. ಅವನ ಪ್ರಪಂಚದಲ್ಲಿ ಅಂಥದಕ್ಕೆ ಒಂದೇ ಹೆಸರು. ಕ್ಯಾಮೆರಾ ಬಿಚ್ಚಿ ಇಲ್ಲಿಡಿ, ಚೀಟಿ ಕೊಡುತ್ತೇನೆ ಎಂದ. ನಾನು ನನ್ನ ಹಿಂದಿಯಲ್ಲಿ ಅದು ಕ್ಯಾಮೆರಾ ಅಲ್ಲ, ದೇವರು ಎಂದೆ. ಹಾಗಾದರೆ ತೆರೆದು ತೋರಿಸಿ ಎಂದ. ಪೂಜೆಯ ಹೊತ್ತಲ್ಲದ ಹೊತ್ತಿನಲ್ಲಿ, ಬೀದಿಬಾಗಿಲಲ್ಲಿ, ಚಪ್ಪಲಿ ಮೆಟ್ಟಿಕೊಂಡು ಅದನ್ನು ತೆರೆಯುವುದು ಹೇಗೆ? ಅವ್ವ ಕರಡಿಗೆಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದು, 'ಏನಂತೆ ಇವನಿಗೆ?' ಎಂದಳು. ಬಿಚ್ಚಿಡಬೇಕಂತೆ ಎಂದೆ. 'ಇದನ್ನ ಬಿಚ್ಚಿಡು ಅನ್ನೋದೂ ಒಂದೇ, ನನ್ ತಲೆ ಬಿಚ್ಚಿಡು ಅನ್ನೋದೂ ಒಂದೇ. ಯಾವುದಕ್ಕೆ ಚೀಟಿ ಕೊಡ್ತಾನೆ ಕೇಳು' ಎಂದಳು. ಬೊಳ್ಳಮ್ಮ ಇದನ್ನು ಒಂದಕ್ಷರ ಬಿಡದೆ ಹಿಂದಿಗೆ ತಿರುಗಿಸಿ ಹೇಳಿದಳು. ನಮ್ಮ ಹಿಂದೆ ನಿಂತಿದ್ದ ಸಾಲು ಬೀದಿಗೆ ಇಳಿದಿತ್ತು. ನಡೆಯಿರಿ, ಬೇಡವೇ ಬೇಡ, ಬಂದರಿಗೆ ಹೋಗೋಣ ಎಂದು ಬೊಳ್ಳಮ್ಮ ಕೈ ಹಿಡಿದು ಎಳೆದರೆ ನಾನು, ಇಷ್ಟು ದೂರ ಬಂದು ಹಾಗೆಯೇ ಹೋಗುವುದೇ ಎಂದು ಹಟ ಹಿಡಿದೆ.

ಗಲಾಟೆ ಕೇಳಿ ಒಳಗಿನಿಂದ ಒಬ್ಬ ಸಾಹೇಬರು ಬಂದರು. ಟೈ ಕಟ್ಟಿದ್ದರು, ಹಣೆ ಬರಿದಾಗಿತ್ತು. ಕಾವಲುಗಾರನ ದೂರು ಕೇಳಿದರು, ಅವ್ವನ ಮುಷ್ಟಿಯನ್ನು ನೋಡಿದರು, ತಮ್ಮ ಟೈ ಸಡಿಲಿಸಿ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಅಲ್ಲಿಯೂ ಒಂದು ದಾರ, ಒಂದು ಕರಡಿಗೆ! ಸೊಲ್ಲಾಪುರದವರಂತೆ. 'ಬರ್ರೀ ಅವ್ವಾರ, ಒಳಗ ಬರ್ರಿ. ಈ ಮಂದಿಗೇನು ತಿಳೀತೈತ್ರಿ' ಎಂದರು. ಅವ್ವ ಕಾವಲುಗಾರನ ಕಡೆ ತಿರುಗಿ 'ಇವರ ಕ್ಯಾಮೆರಾನೂ ಇಸ್ಕೊ ಮತ್ತೆ' ಎಂದಳು. ವಿಶಾಲು, ಹಿಂದಿನ ಸಂಜೆಯಿಂದ ಬಾಡಿದ್ದ ಅವ್ವನ ಮುಖದಲ್ಲಿ ನಗು ಕಂಡದ್ದು ಅಲ್ಲಿ.

ಸಾಹೇಬರು ತಾವೇ ಮುಂದೆ ನಿಂತು ಎಲ್ಲವನ್ನೂ ತೋರಿಸಿದರು. ಅರ್ಧ ಗಂಟೆಯಲ್ಲಿ ಮುಗಿಯಬೇಕಾದದ್ದು ಒಂದೂವರೆ ಗಂಟೆ ಆದದ್ದು ಅವರ ಸೌಜನ್ಯದಿಂದ, ಮತ್ತು ಪ್ರತಿಯೊಂದರ ಮುಂದೆಯೂ ನಿಂತು ನಾನು ಕೇಳಿದ ಪ್ರಶ್ನೆಗಳಿಂದ. ತಿರುಗುವ ಭೂಮಿ, ಅದರ ಸುತ್ತ ತಂತಿಯ ಮೇಲೆ ಸುತ್ತುವ ಉಪಗ್ರಹ, ಮೂರು ಆಳೆತ್ತರದ ರಾಕೆಟ್ಟಿನ ಮಾದರಿ. ನಾನು ಚಂದ್ರನನ್ನು ಇಷ್ಟು ವರ್ಷ ಪದ್ಯದಲ್ಲಷ್ಟೇ ಬಳಸಿದವನು. ಇಲ್ಲಿ ಅವನ ಮುಖದ ದೊಡ್ಡ ಚಿತ್ರ ನೋಡಿ, ಸಿಡುಬಿನ ಕಲೆಯ ಈ ಮುಖವನ್ನು ಯಾವ ಹೆಣ್ಣಿಗೆ ಹೋಲಿಸಿದರೂ ಅವಳು ಮಾನನಷ್ಟ ಮೊಕದ್ದಮೆ ಹೂಡಬಹುದು ಎಂದುಕೊಂಡೆ. ಆಕಾಶಕ್ಕೆ ಹೋಗುವವರ ಅಂಗಿ ಒಂದನ್ನು ಗಾಜಿನ ಬೀರುವಿನಲ್ಲಿ ನಿಲ್ಲಿಸಿದ್ದರು. ಅವ್ವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, 'ಇದನ್ನ ಹಾಕ್ಕಂಡ್ ಮೇಲೆ ಒಂದಕ್ಕೆ ಹೋಗೋದು ಹೆಂಗಪ್ಪ?' ಎಂದು ಕೇಳಿದಳು. ಸಾಹೇಬರು ಕೆಮ್ಮಿದರು. ಬೊಳ್ಳಮ್ಮ ನರ್ಸಾದ್ದರಿಂದ ಅದಕ್ಕೆ ವಿವರವಾದ ಉತ್ತರ ಕೊಟ್ಟಳು.

ಕೊನೆಗೆ ಆ ಯಂತ್ರ. ಅಮೆರಿಕದವನೊಬ್ಬ ಕೂತು ಭೂಮಿಯನ್ನು ಸುತ್ತಿ ಬಂದನಲ್ಲ, ಅಂಥದರ ಪಡಿಯಚ್ಚು. ಒಂದು ಪಕ್ಕ ಸೀಳಿ ಒಳಗೆ ಗೊಂಬೆಯೊಂದನ್ನು ಮಲಗಿಸಿದ್ದರು. ಅವ್ವ ಬಗ್ಗಿ ನೋಡಿದಳು. 'ನಮ್ಮ ಭತ್ತದ ವಾಡೆಯಷ್ಟೂ ಇಲ್ವಲ್ಲೋ ಇದು! ಕೈ ಚಾಚಾಕೂ ಜಾಗ ಇಲ್ಲ' ಎಂದಳು. ಹೌದವ್ವ, ಒಳಗೆ ಹಾಕಿ ಮುಚ್ಚಳ ಬಿಗಿಯುತ್ತಾರೆ, ಕೆಳಗೆ ಬೆಂಕಿ ಹಚ್ಚುತ್ತಾರೆ, ಕಿಟಕಿಯಲ್ಲಿ ಕತ್ತಲೆ ಬಿಟ್ಟು ಏನೂ ಕಾಣುವುದಿಲ್ಲ, ಕೂಗಿದರೆ ಕೇಳುವವರಿಲ್ಲ ಎಂದು ನಾನು ವಿವರಿಸಿದೆ. ನನ್ನ ವರ್ಣನೆಗೆ ಬೊಳ್ಳಮ್ಮ ನನ್ನ ಕಾಲು ತುಳಿದಳು. ಅವ್ವನ ಮುಖ ಮತ್ತೆ ಹಿಂದಿನ ಸಂಜೆಯ ಮುಖವಾಯಿತು. ಗೊಂಬೆಯನ್ನೇ ನೋಡುತ್ತ ಸಾಹೇಬರನ್ನು ಕೇಳಿದಳು: 'ಇವನ ತಾಯಿ ಇದ್ಳಾ?'

'ಇದ್ಳಂತ ಕಾಣ್ತೈತ್ರಿ ಅವ್ವಾರ.'

'ಕಳಿಸಿದ್ಳಾ?'

'ಕಳಿಸಿದ್ಳ್ರಿ.'

'ಬಂದನಾ ವಾಪಸು?'

'ಬಂದಾನ್ರಿ. ಮ್ಯಾಲಿಂದ ಛತ್ರಿ ಬಿಚ್ಚಿಕೊಂಡು ಸೀದಾ ಬಂದು ಸಮುದ್ರದಾಗ ಬಿದ್ದಾನ್ರಿ. ನೀರಾಗ ತೇಲ್ಕೋತ ಇದ್ದ. ಆಮ್ಯಾಲ ಹಡಗ ಬಂದು ಎತ್ಕೊಂಡ್ತರಿ.'

ಅವ್ವ ತಟ್ಟನೆ ಗೊಂಬೆಯಿಂದ ತಲೆ ಎತ್ತಿದಳು. 'ಯಾವುದು ಬಂತು?'

'ಹಡಗ್ರಿ.'

'ಹಡಗಾ?'

'ಹೌದ್ರಿ. ಹಡಗ ಕಾಯ್ಕೋತ ನಿಂತಿತ್ತು. ಹಡಗ ಇಲ್ಲಂದ್ರ ಮುಗೀತ್ರಿ ಅವನ ಕಥಿ.'

ಅವ್ವ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು, ಚೀಲವನ್ನು ಹೆಗಲಿಗೆ ಏರಿಸಿದಳು. 'ಅಷ್ಟು ದೊಡ್ಡ ಆಕಾಶಕ್ಕೆ ಹೋದವನಿಗೂ ಕೊನೆಗೆ ಹಡಗೇ ದಿಕ್ಕಾಯ್ತಲ್ಲೋ' ಎಂದಳು. ಆಮೇಲೆ ನನ್ನನ್ನು ಕೇಳಿದಳು: 'ನಮ್ಮ ಹಡಗು ಎಷ್ಟ್ ಗಂಟೆಗೋ?'

ಅದಕ್ಕೆ ನಾನು ಸ್ಥಳದಲ್ಲೇ ಕಟ್ಟಿದ್ದು ಇದು, ಮಗುವಿಗೆ ಜೋಗುಳಕ್ಕೆ ಬರಬಹುದು, ಇಟ್ಟುಕೋ:

ಮುಗಿಲಿಗೆ ಹೋದವ ಕಡಲಿಗೆ ಬಿದ್ದ,
ಹಗುರಕೆ ಹಡಗಿನ ಮೇಲಕೆ ಎದ್ದ.

ಪದ್ಯ ಮುಗಿದು ಗೋಡೆಯ ಗಡಿಯಾರ ನೋಡಿದರೆ ಒಂದು ಗಂಟೆಗೆ ಹತ್ತೇ ನಿಮಿಷ. ಸಾಹೇಬರು ಸಂತೋಷದಲ್ಲಿ, 'ಇನ್ನೊಂದು ಸ್ವಲ್ಪ ಕೂಡ್ರಿ, ಮ್ಯಾಲಿನಿಂದ ತಗದ ಸಿನಿಮಾ ಐತ್ರಿ, ಇಪ್ಪತ್ತು ನಿಮಿಷ' ಎಂದರು. ಇಷ್ಟು ಉಪಕಾರ ಮಾಡಿದವರ ಮಾತು ತೆಗೆದುಹಾಕಬಾರದು, ನೋಡಿಯೇ ಹೋಗೋಣ, ಸಮಯವಿದೆ ಎಂದೆ. ಬೊಳ್ಳಮ್ಮನಿಗೆ ರೇಗಿತು. 'ಮಾಷ್ಟ್ರೇ, ನಿಮಗೆ ತಲೆ ಉಂಟಾ ಇಲ್ವಾ? ಅಮ್ಮನ ಪೆಟ್ಟಿಗೆ ಮಾಟುಂಗದಲ್ಲಿ ಉಂಟು! ಅಲ್ಲಿಗೆ ಹೋಗಿ ಬರುವಾಗ ಮೂರು ಆಗ್ತದೆ!' ಅದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಪೆಟ್ಟಿಗೆಗೆ ಹೋದರೆ ಹಡಗಿಲ್ಲ, ಹಡಗಿಗೆ ಹೋದರೆ ಪೆಟ್ಟಿಗೆಯಿಲ್ಲ. ಪೆಟ್ಟಿಗೆ ಇಲ್ಲದೆ ಹೋಗುವುದು ಹೇಗವ್ವ, ಬಾಣಂತನದ್ದೆಲ್ಲ ಅದರಲ್ಲೇ ಇದೆಯಲ್ಲ ಎಂದು ನಾನು ಕೈಕೈ ಹಿಸುಕಿಕೊಂಡೆ. ಅವ್ವ ಒಂದು ಗಳಿಗೆಯೂ ಯೋಚಿಸಲಿಲ್ಲ. 'ಪೆಟ್ಟಿಗೆ ಬಿದ್ದಿರ್ಲಿ ಬಿಡು. ಬರೋ ಕೂಸು ಏನ್ ಬಟ್ಟೆ ಹಾಕ್ಕಂಡೇ ಬರ್ತದಾ?' ಎಂದಳು. ನನ್ನ ಕಡೆ ತಿರುಗಿ, 'ನೀ ಕೂತ್ಕಂಡು ಸಿನಿಮಾ ನೋಡು. ನಾನೂ ಬೊಳ್ಳಮ್ಮನೂ ಹೋಗ್ತೀವಿ' ಎಂದಳು. ಹೇಳಿ ನಡೆದೇಬಿಟ್ಟಳು. ಅರವತ್ತೆಂಟು ವರ್ಷದವಳು ಆ ಅಮೃತಶಿಲೆಯ ಮೆಟ್ಟಿಲುಗಳನ್ನು ಇಳಿದ ವೇಗ ನೋಡಿ ಕಾವಲುಗಾರ ಎದ್ದು ನಿಂತು ಸಲಾಮು ಹೊಡೆದ.

ಬೊಳ್ಳಮ್ಮ ರಸ್ತೆಯ ನಡುವೆ ಹೋಗಿ ಎರಡೂ ಕೈ ಚಾಚಿ ನಿಂತಳು. ಟ್ಯಾಕ್ಸಿ ನಿಲ್ಲದಿದ್ದರೆ ಅವಳ ಮೇಲೆ ಹಾಯಬೇಕಿತ್ತು, ನಿಂತಿತು. ಅದರೊಳಗೆ ಬೇರೆ ಒಬ್ಬರು ಕೂತಿದ್ದರು. ಹೆರಿಗೆ ಕೇಸು, ಇಳಿಯಿರಿ ಎಂದು ನರ್ಸಿನ ಗತ್ತಿನಲ್ಲಿ ಹೇಳಿದಳು. ಅದು ಪೂರ್ತಿ ಸುಳ್ಳಲ್ಲ ತಾನೆ? ಪಾಪ, ಆತ ಅವ್ವನನ್ನು ಮೇಲಿಂದ ಕೆಳಗೆ ನೋಡಿ ಗಾಬರಿಯಿಂದ ಇಳಿದ. ನಾನೂ ಹಿಂದಿನಿಂದ ಓಡಿಬಂದು ಹತ್ತಿಕೊಂಡೆ. ಬಂದರಿನ ರಸ್ತೆಯಲ್ಲಿ ಲಾರಿಗಳ ಸಾಲು. ಅವ್ವ ಸೀಟಿನ ತುದಿಯಲ್ಲಿ ಕೂತು ಕರಡಿಗೆ ಹಿಡಿದು ತುಟಿ ಅಲ್ಲಾಡಿಸುತ್ತಿದ್ದಳು. ಲಾರಿಗಳು ಕದಲದಿದ್ದಾಗ ಅವರಿಬ್ಬರೂ ಇಳಿದು ನಡೆದರು, ನಡೆದರೇನು, ಓಡಿದರು. ನಾನು ಹಿಂದೆ. ಗೇಟಿನವನು ಒಂದು ಬಾಗಿಲು ಮುಚ್ಚಿ ಇನ್ನೊಂದಕ್ಕೆ ಕೈ ಹಾಕಿದ್ದ. ಬೊಳ್ಳಮ್ಮ ಆ ಸಂದಿಯಲ್ಲಿ ತನ್ನ ಕಾಲನ್ನೇ ಇಟ್ಟಳು.

ಒಳಗೆ ಕಾಗದಪತ್ರ ನೋಡುವವನು ಸಾಮಾನೆಲ್ಲಿ ಎಂದ. ಅವ್ವ ಚೀಲ ತೋರಿಸಿದಳು. ಆಫ್ರಿಕಾಕ್ಕೆ ಇಷ್ಟೇನಾ ಎಂದು ಅವನು ವಿಭೂತಿ ಗಟ್ಟಿಯನ್ನು ಎತ್ತಿ ಮೂಸಿ ನೋಡಿದ, ಹುರಿಹಿಟ್ಟನ್ನು ಮೂಸಿ ಸೀನಿದ, ಸೀಲು ಒತ್ತಿದ. ಕಟಕಟೆಯ ಈಚೆ ನಾನು, ಆಚೆ ಅವರು. ಅವ್ವ ಹಿಂತಿರುಗಿ ಬಂದು, ಸರಳುಗಳ ನಡುವಿನಿಂದ ಕೈ ತೂರಿಸಿ ನನ್ನ ತಲೆ ಸವರಿದಳು, ಕಿವಿಯಲ್ಲಿ ಒಂದು ಮಾತು ಹೇಳಿದಳು. ಆಮೇಲೆ ಬೊಳ್ಳಮ್ಮನ ತೋಳು ಹಿಡಿದು ಹಡಗಿನ ಏಣಿಯನ್ನು ಹತ್ತಿದಳು. ಒಮ್ಮೆಯೂ ನೀರಿನ ಕಡೆ ನೋಡಲಿಲ್ಲ. ಸಂಜೆ ಹಡಗು ಕೂಗಿ ಹೊರಟಿತು. ಆ ಮೇಲಿನ ಹನ್ನೆರಡು ದಿನ ನಾನು ಹೇಗಿದ್ದೆ ಎಂಬುದನ್ನು ದಾಕ್ಷಾಯಿಣಿ ಬೇರೆ ಕಾಗದದಲ್ಲಿ ಬರೆಯುತ್ತಾಳಂತೆ. ಅದನ್ನು ನಂಬಬೇಡ, ಅವಳಿಗೆ ಹಲ್ಲುನೋವು. ಈಗ ತಂತಿ ಬಂದಿದೆ. ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ, ನಿನ್ನೆ ಶಾಂತವಾಗಿ ಕೂತು ಕ್ಷೌರ ಮಾಡಿಸಿಕೊಂಡೆ. ಪೆಟ್ಟಿಗೆಯನ್ನು ಮುಂದಿನ ಹಡಗಿಗೆ ಕಳಿಸುವ ಏರ್ಪಾಡಾಗಿದೆ. ಅಷ್ಟರವರೆಗೆ ಭಾವನವರ ಹಳೆಯ ಪಂಚೆಗಳನ್ನು ಅವ್ವನ ಕೈಗೆ ಕೊಡು, ಅವಳು ಹರಿಯುವುದರಲ್ಲಿ ನಿಸ್ಸೀಮಳು.

ಭಾವನವರಿಗೆ ನನ್ನ ಶರಣು ತಿಳಿಸು. ಬೊಳ್ಳಮ್ಮ ಮನೆಗೆ ಬಂದರೆ ಒಳ್ಳೆಯ ಕಾಫಿ ಕೊಡು, ಅವಳ ಕಾಲು ಹೇಗಿದೆ ಕೇಳು. ಅವ್ವನ ಪಾದಕ್ಕೆ ನನ್ನ ಪರವಾಗಿ ನೀನೇ ಹಣೆ ಮುಟ್ಟಿಸು. ಬಗ್ಗಲಾಗದಿದ್ದರೆ ಮನಸ್ಸಿನಲ್ಲೇ ಮಾಡು. ನೀನು ಸುಖವಾಗಿ ಎರಡಾಗು, ಮಗು ಜೋರಾಗಿ ಅಳಲಿ, ಆ ಅಳು ಇಲ್ಲಿಯವರೆಗೆ ಕೇಳಲಿ. ಗುರುವಿನ ಆಶೀರ್ವಾದ ನಿನ್ನ ಮೇಲಿರಲಿ. ಸಭೆ ಮುಗಿಯಿತು, ಮಹಾಜನಗಳು ಲೋಟ ತೊಳೆದಿಟ್ಟು ಹೋಗಬಹುದು.

ನಿನ್ನ ಅಣ್ಣ,
ಪರಮೇಶಪ್ಪ

ತಾ. ಕ.: ವಿಶಾಲು, ಇದನ್ನು ಗಟ್ಟಿಯಾಗಿ ಓದಬೇಡ, ಎಲ್ಲರೂ ಹೋದ ಮೇಲೆ ಓದು. ಅಂಚೆಯ ಬಸ್ಸು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಪ್ಪ ಹೋದಾಗ ನಾನು ಮೈಸೂರಿನಲ್ಲಿ ಪರೀಕ್ಷೆ ಬರೆಯುತ್ತಿದ್ದೆ. ನಾನು ಊರು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಎಲ್ಲರೂ ಕೈಕಾಲು ತೊಳೆದುಕೊಂಡಿದ್ದರು. ನೀನಾಗ ಚಿಕ್ಕವಳು, ನಿನಗೆ ನೆನಪಿರಲಿಕ್ಕಿಲ್ಲ. ಅವ್ವ ಅಷ್ಟು ದೂರ ಹೋಗಿ ಅಲ್ಲೇ ಏನಾದರೂ ಆದರೆ ಈ ಸಲವೂ ನಾನಿರುವುದಿಲ್ಲ ಎಂಬುದೊಂದೇ ಸುಂಟಿಕೊಪ್ಪ ಬಿಟ್ಟಾಗಿನಿಂದ ತಲೆಯಲ್ಲಿ ಕೂತಿತ್ತು. ಮೊದಲನೆಯದನ್ನು ನೀನು ಒಬ್ಬಳೇ ಹೆತ್ತು ಒಬ್ಬಳೇ ಕಳೆದುಕೊಂಡದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಕಷ್ಟಕ್ಕಿಂತ ನನ್ನ ಭಯವೇ ನನಗೆ ದೊಡ್ಡದಾಗಿ ಕಂಡಿತು. ಕಟಕಟೆಯ ಹತ್ತಿರ ಅವ್ವ ಕಿವಿಯಲ್ಲಿ ಹೇಳಿದ್ದು ಇಷ್ಟೇ: 'ನಿನ್ ಮೇಲೆ ಸಿಟ್ಟಿಲ್ಲ ಕಣೋ ಪರಮೇಶಿ. ಆದ್ರೆ ಅಲ್ಲಿ ಅವಳೊಬ್ಳೇ ಇದಾಳೆ.' ಅವಳಿಗೆ ತಿಳಿದುಹೋಗಿತ್ತು. ನಿನಗೂ ತಿಳಿದಿರಲಿ: ನಾನು ಅವ್ವನನ್ನು ಆ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದದ್ದು ಧೈರ್ಯ ತುಂಬುವುದಕ್ಕಲ್ಲ, ಹಡಗು ತಪ್ಪಲಿ ಎಂದು.